ಚಳಿಗಾಲದಲ್ಲಿ ಪುಟ್ಟ ಮಕ್ಕಳು, ಹಿರಿಯರೊಂದಿಗೆ ಥೀಮ್ ಪಾರ್ಕ್ ಪ್ರವಾಸ: ಡಿಸ್ನಿಲ್ಯಾಂಡ್ ಪ್ಯಾರಿಸೋ, ಎಫ್ಟೆಲಿಂಗೋ?

ಮಲೆನಾಡಿನ ಮಗಳು, ಐಂಡ್‌ಹೋವನ್

ಎಲ್ಲರಿಗೂ ನಮಸ್ಕಾರ. ನಾವು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೆಲೆಸಿದ್ದೇವೆ. ಡಿಸೆಂಬರ್ ಎರಡನೆಯ ವಾರದಲ್ಲಿ ನನ್ನ ಅಪ್ಪ, ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದು, ಮಾರ್ಚ್ ಮೊದಲ ವಾರದವರೆಗೆ ನಮ್ಮೊಡನೆ ಇರುತ್ತಾರೆ. ಮಗಳಿಗೆ ಆರು ವರ್ಷ; ಮಗನಿಗೆ ಈಗಷ್ಟೇ ಮೂರು ತುಂಬಿದೆ. ಅಜ್ಜ, ಅಜ್ಜಿ ಇರುವಾಗಲೇ ಮಕ್ಕಳನ್ನು ಒಂದು ದೊಡ್ಡ ಥೀಮ್ ಪಾರ್ಕಿಗೆ ಕರೆದೊಯ್ಯಬೇಕೆಂಬ ಆಸೆ ನಮ್ಮದು. ಮಗಳು ಡಿಸ್ನಿಲ್ಯಾಂಡ್ ಪ್ಯಾರಿಸ್ ಎನ್ನುತ್ತಾಳೆ. ಮನೆಯವರು ಮಾತ್ರ, ಒಂದು ಗಂಟೆಯೊಳಗೆ ತಲುಪಬಹುದಾದ ಕಾಟ್ಸ್‌ಹ್ಯೂವಲ್‌ನ ಎಫ್ಟೆಲಿಂಗ್ ಸಾಕು, ಚಳಿಯಲ್ಲಿ ಅಷ್ಟು ದೂರ ಬೇಡ ಎನ್ನುತ್ತಾರೆ. ಅಮ್ಮನಿಗೆ ಮಂಡಿನೋವಿದೆ, ಅಪ್ಪ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಹೋಗುವುದಾದರೆ ಯಾವ ವಾರ, ಎಷ್ಟು ದಿನ, ಎಲ್ಲಿ ತಂಗುವುದು, ದಿನವನ್ನು ಹೇಗೆ ಹಂಚಿಕೊಳ್ಳುವುದು ಎಂಬುದನ್ನು ಚಳಿಗಾಲದಲ್ಲಿ ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ತುಂಗಾತೀರ, ಉಟ್ರೆಕ್ಟ್

ನಮಸ್ಕಾರ ಅಕ್ಕ. ನನ್ನ ಮತ ಸ್ಪಷ್ಟವಾಗಿ ಎಫ್ಟೆಲಿಂಗ್‌ಗೆ. ಹತ್ತಿರವಿದೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಯುರೋಪಿನ ಅನೇಕ ಪಾರ್ಕುಗಳು ಚಳಿಗಾಲದಲ್ಲಿ ಬಾಗಿಲು ಹಾಕಿದರೆ, ಎಫ್ಟೆಲಿಂಗ್ 2010ರಿಂದ ವರ್ಷದ ಎಲ್ಲ ದಿನವೂ ತೆರೆದಿರುತ್ತದೆ. ನವೆಂಬರ್ ಮಧ್ಯಭಾಗದಿಂದ ಜನವರಿ ಮುಗಿಯುವವರೆಗೆ ‘ವಿಂಟರ್ ಎಫ್ಟೆಲಿಂಗ್’ ನಡೆಯುತ್ತದೆ. ಆಗ ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ದೊಡ್ಡ ಬೆಂಕಿ ಹಾಕಿರುತ್ತಾರೆ, ಅದರ ಸುತ್ತ ನಿಂತು ಕೈ ಕಾಯಿಸಿಕೊಳ್ಳಬಹುದು. ಮರಗಳಿಗೆಲ್ಲ ದೀಪ ಹಚ್ಚುವುದರಿಂದ, ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವುದು ನಿಮ್ಮ ಮಗನಂತಹ ಪುಟ್ಟವರಿಗೆ ಒಂದು ಅನುಕೂಲವೇ ಸರಿ. ಬೇಸಿಗೆಯಲ್ಲಿ ದೀಪ ನೋಡಬೇಕಾದರೆ ರಾತ್ರಿ ಹತ್ತರವರೆಗೆ ಕಾಯಬೇಕು, ಅಷ್ಟು ಹೊತ್ತಿಗೆ ಮೂರು ವರ್ಷದ ಮಗು ನಿದ್ದೆ ಹೋಗಿರುತ್ತದೆ.

ಈ ಪಾರ್ಕಿನ ಜೀವಾಳ ಅದರ ಕಥೆಗಳ ಕಾಡು. ಕಲಾವಿದ ಆಂಟನ್ ಪೀಕ್ ಅವರ ಚಿತ್ರಕಲ್ಪನೆಯಂತೆ 1952ರಲ್ಲಿ ಹತ್ತು ಕಥೆಗಳೊಂದಿಗೆ ಆರಂಭವಾದ ಈ ಕಾಡು ಈಗ ಬಹಳ ಬೆಳೆದಿದೆ. ಇಲ್ಲಿ ಸರತಿ ಸಾಲು ಬಹುಮಟ್ಟಿಗೆ ಇಲ್ಲ. ಮಕ್ಕಳು ತಮ್ಮ ಹೆಜ್ಜೆಗೆ ತಕ್ಕಂತೆ ಒಂದು ಕಥೆಯಿಂದ ಇನ್ನೊಂದು ಕಥೆಗೆ ನಡೆಯುತ್ತಾ ಹೋಗುತ್ತಾರೆ. ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಕಥೆಯನ್ನು ಆಧರಿಸಿ 1966ರಲ್ಲಿ ತೆರೆದ ‘ಇಂಡಿಯನ್ ವಾಟರ್ ಲಿಲೀಸ್’ ಎಂಬ ಪ್ರದರ್ಶನ ಇದರಲ್ಲೇ ಇದೆ. ಅಮ್ಮನವರನ್ನು ಅಲ್ಲಿಗೆ ತಪ್ಪದೆ ಕರೆದುಕೊಂಡು ಹೋಗಿ. ‘ಪೇಪರ್ ಇಲ್ಲಿ ಹಾಕಿ’ ಎಂದು ಡಚ್ಚಿನಲ್ಲಿ ಕೂಗುವ ಹೊಲ್ಲೆ ಬೊಲ್ಲೆ ಖೈಸ್ ಎಂಬ ಕಸದ ಡಬ್ಬಿಯ ಮುಂದೆ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಕಳೆಯುತ್ತಾರೆ, ಅದಕ್ಕಾಗಿ ಹಳೆಯ ಕಾಗದದ ಚೂರುಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರಿ. ಕಾಡಿನಲ್ಲಿ ನಡೆದು ಮೈ ತಣ್ಣಗಾದ ಮೇಲೆ ಒಳಾಂಗಣದ ಡ್ರೋಮ್‌ವ್ಲುಖ್ತ್, ಕಾರ್ನಿವಲ್ ಫೆಸ್ಟಿವಲ್, 2017ರಲ್ಲಿ ತೆರೆದ ಸಿಂಬೋಲಿಕಾ ಈ ಮೂರು ಸವಾರಿಗಳಿಗೆ ಹೋದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನೋಡಬಹುದು. ಇನ್ನೊಂದು ಮಾತು: ಎಫ್ಟೆಲಿಂಗ್‌ನಲ್ಲಿ ನಾಲ್ಕು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಡಿಸ್ನಿಲ್ಯಾಂಡ್‌ನಲ್ಲಿ ಉಚಿತ ಪ್ರವೇಶ ಮೂರು ವರ್ಷದೊಳಗಿನವರಿಗೆ ಮಾತ್ರ, ನಿಮ್ಮ ಮಗನಿಗೆ ಟಿಕೆಟ್ ತೆಗೆದುಕೊಳ್ಳಲೇಬೇಕಾಗುತ್ತದೆ.

ಬ್ರಸೆಲ್ಸ್ ಬಳಗ

ತುಂಗಾತೀರ ಅವರ ಮಾತುಗಳೆಲ್ಲ ನಿಜ, ಆದರೂ ನಾನು ಡಿಸ್ನಿಲ್ಯಾಂಡ್ ಪರವಾಗಿ ಮಾತನಾಡುತ್ತೇನೆ. ಎಫ್ಟೆಲಿಂಗ್ ನಿಮ್ಮ ಮನೆಯ ಪಕ್ಕದಲ್ಲೇ ಇದೆ, ಮುಂದಿನ ವರ್ಷವೂ ಹೋಗಬಹುದು. ಆದರೆ ಶಿವಮೊಗ್ಗದಿಂದ ಬರುವ ಹಿರಿಯರನ್ನು ಮೊಮ್ಮಕ್ಕಳ ಜೊತೆ ಡಿಸ್ನಿಲ್ಯಾಂಡಿನ ಆ ಕೋಟೆಯ ಮುಂದೆ ನಿಲ್ಲಿಸುವ ಅವಕಾಶ ಎಷ್ಟು ಸಲ ಸಿಗುತ್ತದೆ? ಆರು ವರ್ಷದ ಹುಡುಗಿಗೆ ಇದು ಸರಿಯಾದ ವಯಸ್ಸು. ಆ ಲೋಕವನ್ನು ಅವಳು ಪೂರ್ತಿಯಾಗಿ ನಂಬುವ ಕಾಲವಿದು.

1992ರ ಏಪ್ರಿಲ್‌ನಲ್ಲಿ ತೆರೆದ ಈ ಪಾರ್ಕನ್ನು ಪ್ಯಾರಿಸ್ಸಿನ ಮಳೆ, ಚಳಿಯನ್ನು ಗಮನದಲ್ಲಿಟ್ಟುಕೊಂಡೇ ಕಟ್ಟಲಾಗಿದೆ. ಪ್ರವೇಶದಿಂದ ಕೋಟೆಯ ಕಡೆಗೆ ಹೋಗುವ ಮುಖ್ಯ ಬೀದಿಯ ಎರಡೂ ಬದಿಯ ಅಂಗಡಿಗಳ ಹಿಂದೆ ಚಾವಣಿಯಿರುವ ಉದ್ದನೆಯ ಓಣಿಗಳಿವೆ, ಮಳೆ ಬಂದರೂ ನೆನೆಯದೆ ಆ ದೂರವನ್ನು ದಾಟಬಹುದು. ಸ್ಲೀಪಿಂಗ್ ಬ್ಯೂಟಿಯ ಕೋಟೆಯ ಒಳಗೆ ಮೆಟ್ಟಿಲು ಹತ್ತಿ ಬಣ್ಣದ ಗಾಜಿನ ಕಿಟಕಿಗಳನ್ನು ನೋಡಬಹುದು, ಕೆಳಗಿನ ಗುಹೆಯಲ್ಲಿ ಉಸಿರಾಡುವ ಡ್ರ್ಯಾಗನ್ ಇದೆ. ಚಿಕ್ಕವರಿಗೆ ಬೇಕಾದ ಸವಾರಿಗಳು ಬಹುಪಾಲು ಒಳಾಂಗಣದಲ್ಲೇ ಇವೆ: ಇಟ್ಸ್ ಎ ಸ್ಮಾಲ್ ವರ್ಲ್ಡ್, ಪೀಟರ್ ಪ್ಯಾನ್, ಬಜ್ ಲೈಟ್‌ಇಯರ್, ಪಕ್ಕದ ಎರಡನೆಯ ಪಾರ್ಕಿನಲ್ಲಿ ರಟಾಟೂಯಿ. ಇವಕ್ಕೆಲ್ಲ ಎತ್ತರದ ನಿರ್ಬಂಧವಿಲ್ಲ. ಸ್ನೋ ವೈಟ್ ಮಾತ್ರ ಹೆಸರು ಕೇಳಿದಷ್ಟು ಸೌಮ್ಯವಲ್ಲ. ಕತ್ತಲಲ್ಲಿ ಮಾಟಗಾತಿ ಎದುರಾಗುತ್ತಾಳೆ, ಮೂರು ವರ್ಷದವನಿಗೆ ಬೇಡ.

ಮಲೆನಾಡಿನ ಮಗಳು, ಐಂಡ್‌ಹೋವನ್

ಇಬ್ಬರಿಗೂ ಧನ್ಯವಾದ. ಮಗಳ ಎತ್ತರ 1.10 ಮೀಟರ್, ಮಗ ಇನ್ನೂ ಒಂದು ಮೀಟರ್ ಮುಟ್ಟಿಲ್ಲ. ಡಿಸ್ನಿಲ್ಯಾಂಡ್ ಆದರೆ ಕ್ರಿಸ್ಮಸ್ ರಜೆಯಲ್ಲೇ ಹೋಗಬೇಕೇ? ಮಗಳ ಶಾಲೆ ಇರುವುದರಿಂದ ಬೇರೆ ದಾರಿ ತೋಚುತ್ತಿಲ್ಲ.

ಬ್ರಸೆಲ್ಸ್ ಬಳಗ

ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವಿನ ವಾರವನ್ನು ಬಿಟ್ಟುಬಿಡಿ. ಆಗ ಫ್ರಾನ್ಸ್ ಇಡೀ ದೇಶಕ್ಕೆ ಒಂದೇ ಸಮಯದಲ್ಲಿ ಎರಡು ವಾರ ಶಾಲಾ ರಜೆ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಇಂಗ್ಲೆಂಡ್ ಎಲ್ಲಕ್ಕೂ ರಜೆ. ಬೇಸಿಗೆಯಲ್ಲಾದರೆ ಒಂದು ಗಂಟೆಯ ಸಾಲು ಬೇಸರ ತರಿಸುತ್ತದೆ ಅಷ್ಟೆ. ನಾಲ್ಕು ಡಿಗ್ರಿಯ ಚಳಿಯಲ್ಲಿ ಅದೇ ಸಾಲು ಮಗುವನ್ನು ಅಳಿಸುತ್ತದೆ, ಹಿರಿಯರನ್ನು ಸುಸ್ತು ಮಾಡುತ್ತದೆ. ಕ್ರಿಸ್ಮಸ್ ಅಲಂಕಾರ ನವೆಂಬರ್ ಮೊದಲರ್ಧದಲ್ಲೇ ಆರಂಭವಾಗಿ ಜನವರಿ ಮೊದಲ ವಾರದಲ್ಲಿ ಮುಗಿಯುತ್ತದೆ. ಅದಾದ ಮೇಲೆ ಫ್ರಾನ್ಸಿನ ಫೆಬ್ರವರಿ ರಜೆ ಶುರುವಾಗುವವರೆಗಿನ ಕೆಲವು ವಾರಗಳು ವರ್ಷದಲ್ಲೇ ಜನ ಕಡಿಮೆ ಇರುವ ದಿನಗಳಲ್ಲಿ ಸೇರುತ್ತವೆ. ಆ ಫೆಬ್ರವರಿ ರಜೆಯನ್ನು ಫ್ರಾನ್ಸ್ ಮೂರು ವಲಯಗಳಾಗಿ ಬೇರೆ ಬೇರೆ ವಾರಗಳಲ್ಲಿ ಕೊಡುವುದರಿಂದ, ಅದೇ ಹೊತ್ತಿಗೆ ನಿಮ್ಮ ಕಡೆಯ ಶಾಲೆಗಳು ಕೊಡುವ ಕಾರ್ನಿವಲ್ ಹಬ್ಬದ ರಜೆ ಯಾವುದಾದರೊಂದು ವಲಯದ ರಜೆಯ ಮೇಲೆ ಬೀಳುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ನಿಮಗೆ ಉಳಿಯುವುದು ಜನವರಿ. ಐದು ತುಂಬಿದ ಮಗುವನ್ನು ಶಾಲೆಯ ದಿನ ಅನುಮತಿಯಿಲ್ಲದೆ ತಪ್ಪಿಸುವಂತಿಲ್ಲ, ಅದು ನಿಮಗೂ ಗೊತ್ತಿದೆ. ಆದರೆ ಡಚ್ ಶಾಲೆಗಳು ವರ್ಷದಲ್ಲಿ ಕೆಲವು ದಿನ ಶಿಕ್ಷಕರ ತರಬೇತಿಗಾಗಿ ‘ಸ್ಟುಡಿಡಾಖ್’ ಎಂದು ಮಕ್ಕಳಿಗೆ ರಜೆ ಕೊಡುತ್ತವೆ. ನಿಮ್ಮ ಶಾಲೆಯ ವಾರ್ಷಿಕ ಪಟ್ಟಿಯಲ್ಲಿ ಜನವರಿಯ ಶುಕ್ರವಾರ ಅಥವಾ ಸೋಮವಾರ ಅಂತಹ ದಿನವಿದೆಯೇ ನೋಡಿ. ಇದ್ದರೆ ನಿಮ್ಮ ಪ್ರವಾಸದ ದಿನ ತಾನಾಗಿಯೇ ನಿಗದಿಯಾದಂತೆ.

ಎತ್ತರದ ವಿಷಯ, ರೋಲರ್ ಕೋಸ್ಟರುಗಳಲ್ಲಿ: ಬಿಗ್ ಥಂಡರ್ ಮೌಂಟನ್‌ಗೆ 1.02 ಮೀಟರ್, ಕ್ರಶ್ಸ್ ಕೋಸ್ಟರ್‌ಗೆ 1.07 ಮೀಟರ್ ಬೇಕು, ಮಗಳಿಗೆ ಎರಡೂ ಸಿಗುತ್ತವೆ. ಹೈಪರ್‌ಸ್ಪೇಸ್ ಮೌಂಟನ್‌ಗೆ 1.20 ಬೇಕಾದ್ದರಿಂದ ಅದರ ಆಸೆ ಈಗಲೇ ಹುಟ್ಟಿಸಬೇಡಿ. ಮಗಳನ್ನು ಒಬ್ಬರು ಕರೆದುಕೊಂಡು ಹೋದಾಗ ಇನ್ನೊಬ್ಬರು ಮಗನ ಜೊತೆ ಹೊರಗಿದ್ದು, ಆಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ಬದಲಾಗುವ ‘ಬೇಬಿ ಸ್ವಿಚ್’ ವ್ಯವಸ್ಥೆಯಿದೆ, ಸಾಲಿನ ಆರಂಭದಲ್ಲೇ ಸಿಬ್ಬಂದಿಯನ್ನು ಕೇಳಿ.

ಮಕ್ಕಳ ಡಾಕ್ಟರ್, ಲೈಡನ್

ಯಾವ ಪಾರ್ಕ್ ಎಂಬ ಚರ್ಚೆಗಿಂತ ನನಗೆ ಮುಖ್ಯವಾಗಿ ಕಾಣುವುದು ದಿನದ ವಿನ್ಯಾಸ. ಚಳಿಗಾಲದಲ್ಲಿ ದಿನವನ್ನು ಸವಾರಿಗಳ ಲೆಕ್ಕದಲ್ಲಿ ಯೋಜಿಸಬಾರದು. ಹೊರಗೆ ಎಷ್ಟು ಹೊತ್ತು, ಬೆಚ್ಚಗಿನ ಜಾಗದಲ್ಲಿ ಎಷ್ಟು ಹೊತ್ತು ಎಂಬ ಲೆಕ್ಕದಲ್ಲಿ ಯೋಜಿಸಬೇಕು, ಆ ಲೆಕ್ಕಕ್ಕೆ ಅಳತೆಗೋಲು ನಿಮ್ಮ ಮೂರು ವರ್ಷದ ಮಗ ಮತ್ತು ನಿಮ್ಮ ಅಮ್ಮ.

ಎಲ್ಲಕ್ಕಿಂತ ಮೊದಲು ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ವಿಷಯ. ನಡೆಯುವ ದೊಡ್ಡವರ ಮೈ ನಡಿಗೆಯಿಂದಲೇ ಬೆಚ್ಚಗಾಗುತ್ತದೆ. ಸ್ಟ್ರಾಲರ್‌ನಲ್ಲಿ ಕದಲದೆ ಕುಳಿತ ಮಗು ನಮಗಿಂತ ಬೇಗ ತಣ್ಣಗಾಗುತ್ತದೆ. ‘ನನಗೇನೂ ಚಳಿಯಿಲ್ಲ’ ಎಂಬ ನಿಮ್ಮ ಅನುಭವವನ್ನು ಮಗುವಿಗೆ ಅನ್ವಯಿಸಬೇಡಿ. ಆಗಾಗ ಅವನ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ; ಅಲ್ಲಿ ಬೆಚ್ಚಗಿದ್ದರೆ ಸರಿ, ತಣ್ಣಗಿದ್ದರೆ ಒಳಗೆ ಹೋಗುವ ಹೊತ್ತಾಗಿದೆ, ಬೆವರಿದ್ದರೆ ಒಂದು ಪದರ ತೆಗೆಯಬೇಕು. ಗಾಳಿ ತಪ್ಪಿಸಲು ಸ್ಟ್ರಾಲರ್ ಮೇಲೆ ಹೊದಿಕೆಯನ್ನು ಪೂರ್ತಿ ಮುಚ್ಚಬೇಡಿ, ಉಸಿರಾಟಕ್ಕೆ ಜಾಗವಿರಲೇಬೇಕು. ಬಟ್ಟೆಯ ವಿಷಯದಲ್ಲಿ, ಮೈಗೆ ತಾಗುವ ಒಳಪದರ ಉಣ್ಣೆಯದ್ದೋ ಥರ್ಮಲ್ಲೋ ಆಗಿರಲಿ. ಹತ್ತಿ ಬಟ್ಟೆ ಬೆವರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಂಪು ಮಾಡುತ್ತದೆ. ಬೆರಳು ಬಿಡಿಬಿಡಿಯಾಗಿರುವ ಕೈಗವಸಿಗಿಂತ ಬೆರಳುಗಳೆಲ್ಲ ಒಟ್ಟಿಗೆ ಇರುವ ಕೈಚೀಲದಂತಹ ಗವಸು ಹೆಚ್ಚು ಬೆಚ್ಚಗಿರುತ್ತದೆ. ಒಂದು ಜೊತೆ ಒದ್ದೆಯಾದರೆ ಬೇಕಾಗುತ್ತದೆ, ಇನ್ನೊಂದನ್ನು ಇಟ್ಟುಕೊಂಡಿರಿ.

ಕಾರಿನಲ್ಲಿ ಹೋಗುವುದಾದರೆ ದಪ್ಪ ಜಾಕೆಟ್ ತೊಡಿಸಿ ಮಗುವನ್ನು ಕಾರ್ ಸೀಟಿಗೆ ಬಿಗಿಯಬೇಡಿ. ಅಪಘಾತದ ಹೊಡೆತಕ್ಕೆ ಜಾಕೆಟ್ಟಿನ ದಪ್ಪ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಅದರ ಮೇಲೆ ಹೊದಿಕೆ ಹಾಕಿ. ನಿಮ್ಮ ತಂದೆಯವರ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ, ಆದ್ದರಿಂದ ಪೆನ್ನನ್ನು ಹೊರಗಿನ ಬ್ಯಾಗಿನಲ್ಲಿಡದೆ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ರಾತ್ರಿ ಕಾರಿನಲ್ಲಿ ಬಿಟ್ಟುಬರಬಾರದು. ತಣ್ಣಗಿನ ಬೆರಳಿನಿಂದ ಸಕ್ಕರೆ ಪರೀಕ್ಷೆಗೆ ರಕ್ತ ಸರಿಯಾಗಿ ಬರುವುದಿಲ್ಲ, ಮೊದಲು ಕೈ ಬೆಚ್ಚಗಾಗಿಸಿಕೊಳ್ಳಬೇಕು. ಹೊರಡುವ ದಿನ ಮಗುವಿಗೆ ಜ್ವರವಿದ್ದರೆ ಟಿಕೆಟ್ ಹಣದ ಬಗ್ಗೆ ಚಿಂತಿಸದೆ ಪ್ರವಾಸ ಮುಂದೂಡಿ. ಈ ದೃಷ್ಟಿಯಿಂದ ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್, ರದ್ದು ಮಾಡಬಹುದಾದ ವಸತಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಸ್ವಲ್ಪ ಹೆಚ್ಚು ಬೆಲೆಯಾದರೂ ಸರಿ.

ನಿವೃತ್ತ ಮೇಷ್ಟ್ರು, ಮೈಸೂರು

ಅಮ್ಮಾ, ಇಲ್ಲಿ ಎಲ್ಲರೂ ಕರೆದೊಯ್ಯುವವರ ಕಡೆಯಿಂದ ಬರೆದಿದ್ದಾರೆ, ನಾನು ಹೋಗಿ ಬಂದ ಹಿರಿಯರ ಕಡೆಯಿಂದ ಎರಡು ಮಾತು ಬರೆಯುತ್ತೇನೆ. ಮಗಳು ಜರ್ಮನಿಯಲ್ಲಿರುವಾಗ ನಾನು ಮತ್ತು ನಮ್ಮ ಮನೆಯವರು ಕಲೋನ್ ಹತ್ತಿರದ ಬ್ರೂಲ್‌ನಲ್ಲಿರುವ ಫಾಂಟಾಸಿಯಾಲ್ಯಾಂಡಿಗೆ ಚಳಿಗಾಲದ ಉತ್ಸವದ ಸಮಯದಲ್ಲಿ ಹೋಗಿದ್ದೆವು. ಸೊಗಸಾಗಿತ್ತು. ಆದರೆ ಹಿರಿಯರಿಗೆ ಏನು ಬೇಕು ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಕಷ್ಟ, ಏಕೆಂದರೆ ನಾವು ಹೇಳುವುದಿಲ್ಲ. ಮೊಮ್ಮಕ್ಕಳ ಸಂತೋಷಕ್ಕೆ ಅಡ್ಡಿಯಾಗಬಾರದೆಂದು ಕಾಲು ನೋಯುತ್ತಿದ್ದರೂ ‘ಪರವಾಗಿಲ್ಲ, ನಡೀರಿ’ ಎಂದೇ ಹೇಳುತ್ತೇವೆ. ಆದ್ದರಿಂದ ನೀವು ಕೇಳದೆಯೇ ಗಂಟೆಗೊಮ್ಮೆ ಅವರನ್ನು ಕೂರಿಸಬೇಕು. ಮಗುವಿಗೆ ವಿಶ್ರಾಂತಿ ಬೇಕು ಎಂದು ಹೇಳಿ ಕೂರಿಸಿದರೆ ಅವರಿಗೂ ಸಂಕೋಚವಾಗುವುದಿಲ್ಲ.

ನಿಮ್ಮ ತಾಯಿಯವರು ಸೀರೆ ಉಡುವವರಾದರೆ ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಮಂಡಿ ದಾಟುವಷ್ಟು ಉದ್ದದ ಕೋಟು ಇರಲಿ. ಸೀರೆಯನ್ನು ಎಂದಿಗಿಂತ ಸ್ವಲ್ಪ ಮೇಲಕ್ಕೆ ಉಟ್ಟುಕೊಳ್ಳಲಿ, ಅಂಚು ಒದ್ದೆಯಾದರೆ ದಿನವಿಡೀ ಕಾಲು ಕೊರೆಯುತ್ತದೆ. ಊರಿನಿಂದ ತರುವ ಚಪ್ಪಲಿ, ತೆಳು ಶೂಗಳನ್ನು ನಂಬಬೇಡಿ. ಬಂದ ವಾರದಲ್ಲೇ ಅಲ್ಲಿನ ಅಂಗಡಿಯಲ್ಲಿ, ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಜಾರದ ಅಡಿಯಿರುವ ಬೂಟು ಕೊಡಿಸಿ. ಅದನ್ನು ಮನೆಯ ಸುತ್ತಮುತ್ತ ಕೆಲವು ದಿನ ಹಾಕಿ ನಡೆದ ಮೇಲೆ ಪ್ರವಾಸಕ್ಕೆ ಹೊರಡಬೇಕು. ಗಾಲಿಕುರ್ಚಿಯನ್ನು ಪಾರ್ಕಿನಲ್ಲೇ ಬಾಡಿಗೆಗೆ ಕೊಡುತ್ತಾರೆ; ಮೊದಲು ಬೇಡವೆನ್ನುತ್ತಾರೆ, ಚೀಲಗಳನ್ನು ಇಡಲು ಬೇಕು ಎಂದು ತೆಗೆದುಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ಅವರೇ ಕೂರುತ್ತಾರೆ.

ತುಂಗಾತೀರ, ಉಟ್ರೆಕ್ಟ್

ಮೇಷ್ಟ್ರ ಮಾತು ಓದಿ ಮನಸ್ಸು ತುಂಬಿತು. ಬ್ರಸೆಲ್ಸ್ ಬಳಗದವರ ಜನವರಿ ಸಲಹೆಯ ಬಗ್ಗೆ ಒಂದು ಮಾತು ಮಾತ್ರ ಸೇರಿಸುತ್ತೇನೆ. ಜನ ಕಡಿಮೆ ಇರುವ ಆ ವಾರಗಳಲ್ಲೇ ಡಿಸ್ನಿಲ್ಯಾಂಡ್ ತನ್ನ ಸವಾರಿಗಳನ್ನು ಸರದಿಯ ಮೇಲೆ ದುರಸ್ತಿಗೆ ಮುಚ್ಚುತ್ತದೆ, ಪಾರ್ಕ್ ಮುಚ್ಚುವ ಸಮಯವೂ ಬೇಸಿಗೆಗಿಂತ ಬೇಗ. ಕ್ರಿಸ್ಮಸ್ ಅಲಂಕಾರವೂ ಇರುವುದಿಲ್ಲ. ಮಗಳು ಯಾವುದನ್ನು ನೋಡಲೆಂದೇ ಹೋಗುತ್ತಾಳೋ ಅದು ತೆರೆದಿದೆಯೇ ಎಂದು ಅವರ ಜಾಲತಾಣದ ಪಟ್ಟಿಯಲ್ಲಿ ನೋಡದೆ ದಿನ ನಿಗದಿ ಮಾಡಬೇಡಿ. ವಿಂಟರ್ ಎಫ್ಟೆಲಿಂಗ್‌ನ ದೀಪಗಳಾದರೋ ಜನವರಿಯಲ್ಲೂ ಇರುತ್ತವೆ.

ಬ್ರಸೆಲ್ಸ್ ಬಳಗ

ಒಪ್ಪುತ್ತೇನೆ. ಆದರೂ ಆರು ವರ್ಷದವಳಿಗೆ ಕೋಟೆ, ಮೆರವಣಿಗೆ, ರಾಜಕುಮಾರಿಯರು ಇದ್ದರೆ ಸಾಕು. ಮುಚ್ಚಿದ ಒಂದೆರಡು ಸವಾರಿಗಳ ಕೊರತೆಯನ್ನು ಅರ್ಧದಷ್ಟು ಕಡಿಮೆಯಾದ ಸಾಲು ತುಂಬಿಕೊಡುತ್ತದೆ.

ವಸತಿಯ ಬಗ್ಗೆ ಹೇಳುವುದನ್ನು ಮರೆಯಬಾರದು. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ತಂಗಿದವರಿಗೆ ಬೆಳಿಗ್ಗೆ ಬೇಗ ಒಳಗೆ ಹೋಗುವ ಸೌಲಭ್ಯವಿದೆ, ಅದಕ್ಕಾಗಿಯೇ ಅನೇಕರು ಹೆಚ್ಚು ಹಣ ಕೊಡುತ್ತಾರೆ. ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆಯ ಹೊತ್ತಿಗೆ. ಆ ಕತ್ತಲ ಚಳಿಯಲ್ಲಿ ಮೂರು ವರ್ಷದವನನ್ನು ಎಬ್ಬಿಸಿ ಕರೆದೊಯ್ಯುವುದಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪಾರ್ಕಿನ ಮಾರ್ನ್-ಲಾ-ವಲೆ ಶೆಸ್ಸಿ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಹಿಂದಿರುವ ವಾಲ್ ದ್ಯುರೋಪ್‌ನಲ್ಲಿ ಅಡುಗೆಮನೆ ಸಹಿತ ಅಪಾರ್ಟ್‌ಮೆಂಟ್ ಹೋಟೆಲುಗಳಿವೆ, ಅಲ್ಲೇ ದೊಡ್ಡ ಸೂಪರ್ ಮಾರ್ಕೆಟ್ಟೂ ಇದೆ. ರಾತ್ರಿ ಬಂದು ಬಿಸಿ ಅನ್ನ, ಸಾರು ಮಾಡಿಕೊಂಡು ಉಂಡರೆ ನಿಮ್ಮ ಅಪ್ಪ, ಅಮ್ಮನಿಗೆ ಮಾರನೆಯ ದಿನಕ್ಕೆ ಶಕ್ತಿ ಬರುತ್ತದೆ. ಪಾರ್ಕಿನೊಳಗೆ ದೊಡ್ಡ ಊಟದ ಬುಟ್ಟಿ, ಕೂಲರ್ ಬಿಡುವುದಿಲ್ಲ; ಮಗುವಿನ ಆಹಾರ, ಸಣ್ಣ ತಿಂಡಿಗೆ ಅಡ್ಡಿಯಿಲ್ಲ. ಚಪಾತಿ ಸುರುಳಿ, ಪುಳಿಯೋಗರೆಯ ಸಣ್ಣ ಡಬ್ಬಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು ಸಾಕಾಗುತ್ತದೆ. ಮುಖ್ಯ ಬೀದಿಯ ಕೊನೆಯಲ್ಲಿರುವ ಶಿಶು ಆರೈಕೆ ಕೇಂದ್ರದಲ್ಲಿ ಮಗುವಿನ ಊಟ ಬಿಸಿ ಮಾಡಿಕೊಳ್ಳಬಹುದು, ಬಟ್ಟೆ ಬದಲಿಸಬಹುದು.

ಪ್ರಯಾಣಕ್ಕೆ ಬ್ರಸೆಲ್ಸ್‌ನಿಂದ ಟಿಜಿವಿ ಎಂಬ ಫ್ರಾನ್ಸಿನ ಅತಿವೇಗದ ನೇರ ರೈಲು ಪಾರ್ಕಿನ ಬಾಗಿಲಿಗೇ ಬರುತ್ತದೆ. ಕಾರಿನಲ್ಲಾದರೆ ನಿಲುಗಡೆಯಿಂದ ಗೇಟಿನವರೆಗೆ ದೂರ ಬಹಳ, ಅಮ್ಮನವರನ್ನು ಮೊದಲು ಹತ್ತಿರ ಇಳಿಸುವುದು ಒಳ್ಳೆಯದು.

ಲಂಡನ್ ಕನ್ನಡತಿ

ವೀಸಾ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚಿಕ್ಕ ಟಿಪ್ಪಣಿ. ನಿಮ್ಮ ತಂದೆತಾಯಿಗೆ ನೆದರ್‌ಲ್ಯಾಂಡ್ಸ್ ಕೊಟ್ಟ ಷೆಂಗೆನ್ ವೀಸಾದಲ್ಲೇ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ) ಫ್ರಾನ್ಸಿಗೂ ಹೋಗಬಹುದು. 180 ದಿನಗಳಲ್ಲಿ 90 ದಿನ ಮೀರದಂತೆ ನೋಡಿಕೊಳ್ಳಿ. ಬಂದ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸಬೇಕು. ಗಡಿಯಲ್ಲಿ ತಪಾಸಣೆ ಇರಬಹುದು, ಪಾಸ್‌ಪೋರ್ಟುಗಳು ಜೊತೆಯಲ್ಲಿರಲಿ. ನಮ್ಮಂತೆ ಇಂಗ್ಲೆಂಡಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ಈ ಚರ್ಚೆ ಓದುತ್ತಿದ್ದರೆ, ನಮಗೆ ಪ್ರತ್ಯೇಕವಾಗಿ ಷೆಂಗೆನ್ ವೀಸಾ ಬೇಕೇ ಬೇಕು. ಲಂಡನ್‌ನಿಂದ ಪಾರ್ಕಿಗೆ ನೇರವಾಗಿ ಹೋಗುತ್ತಿದ್ದ ಯೂರೋಸ್ಟಾರ್ ರೈಲು 2023ರಲ್ಲಿ ನಿಂತಿರುವುದರಿಂದ, ಲೀಲ್‌ನಲ್ಲೋ ಪ್ಯಾರಿಸ್ಸಿನಲ್ಲೋ ರೈಲು ಬದಲಿಸಬೇಕು. ಪ್ಯಾರಿಸ್ಸಿನಲ್ಲಿ ಇಳಿಯುವವರಿಗೆ ಗಾರ್ ದ್ಯು ನಾರ್ ನಿಲ್ದಾಣದ ಪಕ್ಕದ ಲಾ ಶಪೆಲ್ ಪ್ರದೇಶದಲ್ಲಿ ತಮಿಳರ ಹೋಟೆಲುಗಳಿವೆ, ಇಡ್ಲಿ, ದೋಸೆ ಸಿಗುತ್ತದೆ.

ಮಲೆನಾಡಿನ ಮಗಳು, ಐಂಡ್‌ಹೋವನ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಶಾಲೆಯ ಪಟ್ಟಿ ನೋಡಿದೆ, ಜನವರಿ ಕೊನೆಯಲ್ಲಿ ಒಂದು ಶುಕ್ರವಾರ ಶಿಕ್ಷಕರ ತರಬೇತಿ ದಿನವಿದೆ. ಮನೆಯವರ ಜೊತೆ ಕುಳಿತು ಹೀಗೆ ತೀರ್ಮಾನಿಸಿದ್ದೇವೆ. ಕ್ರಿಸ್ಮಸ್ ರಜೆಯಲ್ಲಿ ಮನೆಯಲ್ಲೇ ಇದ್ದು, ಅಪ್ಪ, ಅಮ್ಮ ಇಲ್ಲಿನ ಚಳಿಗೆ ಹೊಂದಿಕೊಳ್ಳಲು ಬಿಡುತ್ತೇವೆ. ಜನವರಿ ಎರಡನೆಯ ಭಾನುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಎಫ್ಟೆಲಿಂಗಿಗೆ ಹೋಗಿ, ಕಥೆಗಳ ಕಾಡು ಮತ್ತು ಒಳಾಂಗಣದ ಮೂರನ್ನು ನೋಡಿ, ದೀಪ ಹಚ್ಚಿದ ಮೇಲೆ ಒಂದು ಗಂಟೆ ಇದ್ದು ಮರಳುತ್ತೇವೆ. ಅಂದು ಅಮ್ಮನ ಮಂಡಿ, ಮಗನ ನಿದ್ದೆ, ಬಟ್ಟೆಯ ಪದರ ಎಲ್ಲವೂ ಹೇಗೆ ನಡೆಯುತ್ತದೆ ಎಂಬುದು ತಿಳಿಯುತ್ತದೆ. ಎಲ್ಲರೂ ಆರಾಮವಾಗಿದ್ದರೆ ತಿಂಗಳ ಕೊನೆಯ ಆ ಗುರುವಾರ ಸಂಜೆ ವಾಲ್ ದ್ಯುರೋಪ್ ತಲುಪಿ ಶುಕ್ರವಾರ ಡಿಸ್ನಿಲ್ಯಾಂಡ್, ಶನಿವಾರ ವಿಶ್ರಾಂತಿ, ಭಾನುವಾರ ವಾಪಸ್. ಅಮ್ಮನಿಗೆ ಕಷ್ಟವೆನಿಸಿದರೆ ಎರಡನೆಯದನ್ನು ರದ್ದು ಮಾಡುತ್ತೇವೆ, ಮಗಳಿಗೂ ಹೀಗೆಂದೇ ಹೇಳಿದ್ದೇವೆ. ಒಂದೇ ಒಂದು ಪ್ರಶ್ನೆ ಉಳಿದಿದೆ: ಆರು ವರ್ಷದವಳಿಗೂ ಸ್ಟ್ರಾಲರ್ ಬೇಕಾಗುತ್ತದೆಯೇ?

ಬ್ರಸೆಲ್ಸ್ ಬಳಗ

ಒಳ್ಳೆಯ ಯೋಜನೆ. ಶುಕ್ರವಾರ ಒಂದೇ ಪಾರ್ಕಿನ ಟಿಕೆಟ್ ಸಾಕು. ಚಳಿಯಲ್ಲಿ ಎರಡು ಪಾರ್ಕುಗಳ ನಡುವೆ ಓಡಾಡುವುದು ನಿಮಗೆ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೋಣೆಗೆ ಹೋಗಿ ಮಗ ಮಲಗಿ ಎದ್ದು, ಸಂಜೆ ಮತ್ತೆ ಬಂದರೆ ರಾತ್ರಿಯ ಬೆಳಕಿನ ಪ್ರದರ್ಶನ ಮುಗಿಯುವವರೆಗೂ ಎಲ್ಲರೂ ಉತ್ಸಾಹದಲ್ಲಿರುತ್ತಾರೆ. ಟಿಕೆಟ್ಟುಗಳೆಲ್ಲ ಫೋನಿನಲ್ಲಿರುವುದರಿಂದ, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದನ್ನು ನೆನಪಿಟ್ಟು ಪವರ್ ಬ್ಯಾಂಕ್ ಜೊತೆಗಿರಲಿ, ಒಂದು ಮುದ್ರಿತ ಪ್ರತಿಯೂ ಇರಲಿ.

ತುಂಗಾತೀರ, ಉಟ್ರೆಕ್ಟ್

ಅಕ್ಕ, ಎಫ್ಟೆಲಿಂಗ್‌ನಲ್ಲಿ ಬೇಕಾಗುವುದಿಲ್ಲ, ಅವಳು ಕಾಡಿನಲ್ಲಿ ಓಡಾಡಿಕೊಂಡೇ ಇರುತ್ತಾಳೆ. ಡಿಸ್ನಿಲ್ಯಾಂಡ್‌ನಲ್ಲಿ ಸಂಜೆಯ ವೇಳೆಗೆ ಬೇಕಾಗಬಹುದು, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮಗನದ್ದನ್ನು ಮಾತ್ರ ಮನೆಯಿಂದಲೇ ಒಯ್ಯಿರಿ, ಉಣ್ಣೆಯ ಚೀಲ ಹಾಕಿದ ತನ್ನ ಸ್ಟ್ರಾಲರ್‌ನಲ್ಲಿ ಅವನು ಬೇಗ ನಿದ್ದೆ ಮಾಡುತ್ತಾನೆ. ಎಫ್ಟೆಲಿಂಗಿಗೆ ಭೇಟಿಯ ದಿನವನ್ನು ಮೊದಲೇ ಆರಿಸಿ ಟಿಕೆಟ್ ಕೊಳ್ಳಬೇಕು, ಭಾನುವಾರವಾದ್ದರಿಂದ ಕೊನೆಯ ಕ್ಷಣಕ್ಕೆ ಬಿಡಬೇಡಿ.